ಕುಳಿಯ ಸದ್ದು

ನನ್ನ ಗಂಡ ಹ್ಯೂ ಟಾರ್ವಿಟ್‌ಗೆ ಮೊದಲು ಒಂದು ರೋಗವಿತ್ತು, ತಲೆ ಎತ್ತುವ ರೋಗ. ಈಗ ಅದಿಲ್ಲ. ವಾಸಿ ಮಾಡಿದವನು ನನ್ನ ಅಪ್ಪ. ಊರಿಗೆ ಹೊಸದಾಗಿ ಬಂದವರು ಹ್ಯೂ ಬೀದಿಯಲ್ಲಿ ನಡೆಯುವುದನ್ನು ನೋಡಿ, ಪಾಪ, ಮುದುಕನಿಗೆ ಕತ್ತು ನೋವಿರಬೇಕು ಎಂದುಕೊಳ್ಳುತ್ತಾರೆ. ನಾನು ಯಾರನ್ನೂ ತಿದ್ದುವುದಕ್ಕೆ ಹೋಗುವುದಿಲ್ಲ.

ರೋಗ ಎಂದೆನಲ್ಲ, ಅದು ಗಾಲ್ಫ್ ಆಟದ್ದು. ನಮ್ಮ ಪಿಟ್‌ಕ್ಯಾರೋದಲ್ಲಿ ಗಾಲ್ಫ್ ದೊಡ್ಡಮನುಷ್ಯರ ಆಟವಲ್ಲ. ಊರಿಗೂ ಕಡಲಿಗೂ ನಡುವೆ ಮರಳುದಿಬ್ಬಗಳ ಮೇಲೆ ಹುಲ್ಲು ಹಬ್ಬಿದ ಬಯಲಿದೆ. ಅದಕ್ಕೆ ಲಿಂಕ್ಸ್ ಎನ್ನುತ್ತೇವೆ. ಅದು ಊರೊಟ್ಟಿನದು. ಅಲ್ಲಿ ಕುರಿ ಮೇಯುತ್ತವೆ, ನಾವು ಹೆಂಗಸರು ಬಟ್ಟೆ ಒಣಹಾಕುತ್ತೇವೆ, ಮೀನು ಹಿಡಿಯುವವನು, ಪೀಪಾಯಿ ಕಟ್ಟುವವನು, ಮೇಷ್ಟ್ರು, ಪಾದ್ರಿ ಎಲ್ಲರೂ ಚೆಂಡು ಹೊಡೆಯುತ್ತಾರೆ. ಭಾನುವಾರ ಮಾತ್ರ ಬಯಲನ್ನು ಕುರಿಗಳಿಗೆ ಬಿಟ್ಟು ಚರ್ಚಿಗೆ ಹೋಗುತ್ತಾರೆ, ಅಲ್ಲಿ ಕೂತು ಶನಿವಾರದ ಹೊಡೆತಗಳನ್ನೇ ಯೋಚಿಸುತ್ತಾರೆ.

ಹ್ಯೂ ದೋಣಿ ಕಟ್ಟುವ ಬಡಗಿ. ಬಾಚಿ ಹಿಡಿದರೆ ಅವನ ಕೈ ಕೂದಲೆಳೆಯಷ್ಟೂ ಅತ್ತಿತ್ತ ಹೋಗುತ್ತಿರಲಿಲ್ಲ. ದೂರದ ಹೊಡೆತಗಳಲ್ಲೂ ಊರಿನಲ್ಲಿ ಅವನ ಸಮ ಯಾರೂ ಇರಲಿಲ್ಲ. ಕಷ್ಟವೆಲ್ಲ ಚೆಂಡು ಬೀಳಿಸಬೇಕಾದ ಕುಳಿಯ ಹತ್ತಿರ ಬಂದಾಗ. ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗಕ್ಕೆ ಗ್ರೀನ್ ಎನ್ನುತ್ತೇವೆ. ಚೆಂಡು ಗ್ರೀನಿನ ಹೊರಗೆ ನಾಲ್ಕು ಮಾರು ದೂರದಲ್ಲಿ ಬಿದ್ದಿರುತ್ತಿತ್ತು. ಅಲ್ಲಿಂದ ಮೆಲ್ಲಗೆ ತಟ್ಟಿ ಗ್ರೀನಿನ ಮೇಲೆ ಉರುಳಿಸಬೇಕು. ಅದಕ್ಕೆ ಚಿಪ್ ಅನ್ನುತ್ತಾರೆ, ಮಕ್ಕಳೂ ಮಾಡುತ್ತಾರೆ. ಹ್ಯೂ ಮಾತ್ರ ದಾಂಡು ಚೆಂಡಿಗೆ ತಾಗುವ ಮೊದಲೇ, ಚೆಂಡು ಎಲ್ಲಿಗೆ ಹೋಯಿತು ಅಂತ ನೋಡಲು ತಲೆ ಎತ್ತುತ್ತಿದ್ದ. ತಲೆಯ ಹಿಂದೆ ಭುಜ ಏಳುತ್ತಿತ್ತು, ಭುಜದ ಹಿಂದೆ ಕೈ. ದಾಂಡಿನ ಅಂಚು ಚೆಂಡಿನ ನೆತ್ತಿಗೆ ಬಡಿದು, ಅದು ಬೆದರಿದ ಮೊಲದ ಹಾಗೆ ಗ್ರೀನ್ ದಾಟಿ ಓಡುತ್ತಿತ್ತು. ಇಲ್ಲವೆ ದಾಂಡು ನೆಲಕ್ಕೆ ಹೊಕ್ಕು, ಚೆಂಡು ಅಲ್ಲೇ ಮಗ್ಗಲು ಬದಲಿಸಿ ಮಲಗುತ್ತಿತ್ತು.

ಪ್ರತಿ ಸೆಪ್ಟೆಂಬರಿನಲ್ಲಿ ನಮಗೂ ಪಕ್ಕದ ಊರು ಬಕ್‌ನೆಸ್‌ಗೂ ಪಂದ್ಯ. ಊರಿಗೊಬ್ಬ ಆಟಗಾರ. ಗೆದ್ದ ಊರಿನ ಹೆಂಡದಂಗಡಿಯ ಬಾಗಿಲ ಮೇಲೆ ಒಂದು ಹಳೆಯ ಮರದ ದಾಂಡು ವರ್ಷವಿಡೀ ತೂಗುತ್ತದೆ. ಅದರ ಹಿಡಿಕೆಗೆ ಹುಳು ಹಿಡಿದಿದೆ, ಉರಿಸಿದರೆ ಒಂದು ಕೆಟಲ್ ನೀರೂ ಕಾಯುವುದಿಲ್ಲ. ಅದಕ್ಕಾಗಿ ಗಂಡಸರು ಸಾಯುತ್ತಾರೆ. ಹಿಂದಿನ ಎರಡು ವರ್ಷವೂ ಹ್ಯೂ ಕೊನೆಯ ಗ್ರೀನ್‌ವರೆಗೆ ಸಮಸಮವಾಗಿ ಬಂದು, ಕೊನೆಯ ಚಿಪ್‌ನಲ್ಲಿ ತಲೆ ಎತ್ತಿ ಸೋತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋತದ್ದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಮ್ಮ ಕರಾವಳಿಯಲ್ಲಿ ಊರಿಗೆಲ್ಲ ಎರಡೋ ಮೂರೋ ಮನೆತನದ ಹೆಸರು, ಆದ್ದರಿಂದ ಮನುಷ್ಯನನ್ನು ಗುರುತಿಸುವುದು ಅಡ್ಡಹೆಸರಿನಿಂದ. ಒಮ್ಮೆ ಅಂಟಿದರೆ ಅದು ಮಕ್ಕಳಿಗೂ ಇಳಿಯುತ್ತದೆ, ಗೋರಿಕಲ್ಲಿನ ಮೇಲೂ ಕೆತ್ತುತ್ತಾರೆ. ಎರಡನೇ ಸೋಲಿನ ಮೇಲೆ ಮೀನುಕಟ್ಟೆಯ ಹೆಂಗಸರು ಹ್ಯೂನನ್ನು 'ಆಕಾಶ ಟಾರ್ವಿಟ್' ಎನ್ನಲು ಶುರು ಮಾಡಿದ್ದರು. ಮೂರನೇ ಸಲ ಸೋತರೆ ಅದೇ ಗಟ್ಟಿ. ನನ್ನ ಮಕ್ಕಳು ಆಕಾಶನ ಮಕ್ಕಳಾಗುತ್ತಿದ್ದರು. ಹ್ಯೂ ಹೆಂಡದಂಗಡಿಗೆ ಹೋಗುವುದನ್ನು ಬಿಟ್ಟ, ಊಟದ ಮೇಜಿನಲ್ಲಿ ಮಾತು ಬಿಟ್ಟ. ರಾತ್ರಿ ನಿದ್ದೆಯಲ್ಲಿ ಅವನ ಭುಜ ಜಗ್ಗುವುದು ನನಗೆ ಗೊತ್ತಾಗುತ್ತಿತ್ತು.

ಆಗ ಅಪ್ಪ, "ಇವನನ್ನ ನನ್ನ ಕೈಗೆ ಕೊಡು ಮಗಳೇ, ನನ್ನ ಕಣ್ಣು ಪೂರ್ತಿ ಹೋಗೋ ಮುಂಚೆ ಸರಿ ಮಾಡ್ತೀನಿ" ಅಂದ.

ಅಪ್ಪನ ಹೆಸರು ಟಾಮಸ್ ಬಿರೆಲ್. ಊರಿನ ಬಾಯಲ್ಲಿ ಕಿವಿ ಬಿರೆಲ್. ಹೆರಿಂಗ್ ಮೀನಿನ ಕಾಲದಲ್ಲಿ ದೋಣಿ ನಡೆಸುತ್ತಿದ್ದವನು. ಕಡಲಮಂಜು ಕವಿದು ಮೂಗಿನ ತುದಿ ಕಾಣದಿರುವಾಗ, ಯಾವ ಬಂಡೆಗೆ ನೀರು ಹೇಗೆ ಬಡಿಯುತ್ತದೆ ಎಂದು ಕೇಳಿಸಿಕೊಂಡೇ ದೋಣಿಯನ್ನು ಬಂದರಿಗೆ ತಂದು ನಿಲ್ಲಿಸುತ್ತಿದ್ದ. ಈಗ ಕಣ್ಣಿಗೆ ಪೊರೆ ಬಂದು ನಮ್ಮ ಜೊತೆಯಲ್ಲೇ ಇದ್ದ. ನಾನು ಚಿಕ್ಕವಳಿದ್ದಾಗ ನನ್ನನ್ನು ಬೆಥಿ ಎನ್ನುತ್ತಿದ್ದ. ಅಮ್ಮ ಸತ್ತ ಮೇಲೆ ಆ ಹೆಸರು ಅವನ ಬಾಯಲ್ಲಿ ನಿಂತುಹೋಗಿ, ಬರೀ ಮಗಳೇ ಆಗಿತ್ತು.

ಪಾಠ ಶುರುವಾದದ್ದು ವಸಂತದಲ್ಲಿ, ದಿನಾ ಸಂಜೆ ಊಟದ ಮೇಲೆ. ನಮ್ಮಲ್ಲಿ ಆ ದಿನಗಳಲ್ಲಿ ಬೆಳಕು ಬಹಳ ಹೊತ್ತು ಇರುತ್ತದೆ. ಜಾಗ ಕೊನೆಯ ಗ್ರೀನ್. ಅದು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಅದರ ಆಚೆ ಅಂಚಿನ ಕೆಳಗೆ ಕಡಲಿಗೆ ಅಡ್ಡವಾಗಿ ಕಟ್ಟಿದ ಕಲ್ಲಿನ ಗೋಡೆ. ಆ ಚಳಿಗಾಲದ ಬಿರುಗಾಳಿಗೆ ಗೋಡೆಯ ಒಂದಷ್ಟು ಕಲ್ಲು ಕಿತ್ತು ಹೋಗಿದ್ದವು. ಬೇಸಿಗೆಯಲ್ಲಿ ಕೂರಿಸೋಣ ಅಂತ ಊರಿನವರು ಮಾತಾಡಿಕೊಂಡಿದ್ದರು. ಬೇಸಿಗೆಯಲ್ಲಿ ಎಲ್ಲರಿಗೂ ಗಾಲ್ಫ್ ಇತ್ತು.

ಆ ಗ್ರೀನಿನ ಕುಳಿಯಲ್ಲಿ ಕಬ್ಬಿಣದ ಕೋಲು ನೆಟ್ಟಿರುತ್ತಾರೆ, ಬೇರೆ ಕಡೆಯ ಹಾಗೆ ಮರದ್ದಲ್ಲ. ಮಂಜು ಬಂದಾಗ ಒಬ್ಬ ಕುಳಿಯ ಪಕ್ಕ ನಿಂತು ಆ ಕೋಲಿಗೆ ದಾಂಡಿನಿಂದ ಬಡಿಯುತ್ತಾನೆ. ಹೊಡೆಯುವವನು ಟಣ್ ಟಣ್ ಸದ್ದಿನ ಕಡೆಗೆ ಹೊಡೆಯುತ್ತಾನೆ. ಮಂಜು ಬಂತೆಂದು ಪಂದ್ಯ ನಿಲ್ಲಿಸುವುದು ನಮ್ಮಲ್ಲಿ ಇಲ್ಲ. ಅಪ್ಪ ಕೋಲಿನ ಪಕ್ಕ ನಿಂತ, ಹ್ಯೂ ಗ್ರೀನಿನ ಹೊರಗೆ ತಗ್ಗಿನಲ್ಲಿ ನಿಂತ.

ಮೊದಲ ಸಂಜೆಯೇ ಚೆಂಡು ಅಪ್ಪನ ಮೊಣಕಾಲಿಗೆ ಬಡಿಯಿತು.

"ಯಾವ ಚೆಂಡನ್ನ ನೋಡ್ತಿದ್ದೆ?" ಅಪ್ಪ ಕೇಳಿದ.

"ಇದನ್ನೇ, ಮಾವ."

"ಇಲ್ಲ. ನೀನು ನೋಡ್ತಿದ್ದಿದ್ದು ಇನ್ನೂ ಹೊಡೀದೇ ಇರೋ ಚೆಂಡನ್ನ. ಮಗು ಹುಟ್ಟೋಕ್ಕಿಂತ ಮುಂಚೆ ಮದುವೆಗೆ ಹುಡುಗಿ ನೋಡೋಕೆ ಹೋಗೋ ಜಾತಿ ನಿಂದು."

ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಾನು ನಕ್ಕೆ. ಹ್ಯೂನೂ ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ನಗು ಕೇಳಿ ನನಗೆ ಸಂತೋಷವಾಯಿತು.

"ಚೆಂಡನ್ನ ಬಲಗಾಲಿನ ಕಡೆ ಇಟ್ಕೊ" ಅಂದ ಅಪ್ಪ. "ಭಾರ ಎಡಗಾಲಿನ ಮೇಲೆ. ಕೈ ಮುಂದೆ, ದಾಂಡಿನ ತಲೆ ಹಿಂದೆ. ಮಣಿಕಟ್ಟು ಕುಣಿಸಬೇಡ. ಕಸ ಗುಡಿಸೋ ಹಾಗೆ ಹುಲ್ಲು ಸವರ್ಕೊಂಡು ಹೋಗು, ಅಷ್ಟೆ."

"ಎತ್ತರಕ್ಕೆ ಎತ್ತಿ ಹಾಕಿದ್ರೆ ಬಿದ್ದಲ್ಲೇ ನಿಲ್ಲುತ್ತಲ್ಲ, ಮಾವ?"

"ಗಾಳಿ ಏನು ನಿಮ್ಮಪ್ಪನ ಮನೇದಾ? ಗಾಳೀನ ನಂಬಬೇಡ, ನೆಲಾನ ನಂಬು. ಚೆಂಡು ಗ್ರೀನಿನ ಅಂಚಿಗೆ ಬಿದ್ರೆ ಸಾಕು, ಉಳಿದಿದ್ದು ನೆಲ ನೋಡ್ಕೊಳ್ಳುತ್ತೆ."

"ತಲೆ?"

"ತಲೆ ನಿಂದಲ್ಲ. ಚೆಂಡು ಕುಳಿಗೆ ಬಿದ್ದ ಸದ್ದು ಕೇಳಿದ್ರೆ ಎತ್ತು. ಬೀಳದೆ ಹೊರಗೇ ನಿಂತ್ರೆ, ನಾನು 'ನಿಂತಿತು' ಅಂತೀನಿ, ಆಗ ಎತ್ತು. ಎರಡರಲ್ಲಿ ಒಂದು ಕೇಳೋ ತನಕ, ಆಕಾಶ ಕಳಚಿ ಬಿದ್ರೂ ನೀನು ಹುಲ್ಲು ನೋಡ್ತಾ ನಿಂತಿರಬೇಕು."

ಇದು ಹೇಳಿದಷ್ಟು ಸುಲಭವಾಗಿರಲಿಲ್ಲ. ಹ್ಯೂನ ತಲೆ ತಾನಾಗಿಯೇ ಮೇಲೇಳುತ್ತಿತ್ತು. ಆಗ ಅಪ್ಪ ಹೊಸದೊಂದು ಉಪಾಯ ಹೂಡಿದ. ಹ್ಯೂ ದಾಂಡು ಬೀಸುವಾಗ ಸರಿಯಾಗಿ ಏನಾದರೂ ಕೂಗುವುದು.

"ಅಳಿಯಾ, ನಿನ್ನ ಪ್ಯಾಂಟು ಹಿಂದೆ ಹರಿದಿದೆ."

"ಅಳಿಯಾ, ದೋಣಿಕೊಟ್ಟಿಗೆಗೆ ಬೆಂಕಿ ಬಿದ್ದಿದೆ ನೋಡು."

"ಅಳಿಯಾ, ನಿನ್ನ ಹೆಂಡ್ತಿ ಪಾದ್ರಿ ಜೊತೆ ಓಡಿಹೋಗ್ತಿದಾಳೆ."

"ಪಾದ್ರಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು ಅಪ್ಪ" ಎಂದು ನಾನು ಕಿಟಕಿಯಿಂದ ಕೂಗಿದೆ. ಅಪ್ಪ ನಗುತ್ತಲೇ ಕೋಲನ್ನು ಮುಟ್ಟಿದ. ಮೀನುಗಾರರು ಪಾದ್ರಿಯ ಹೆಸರೆತ್ತಿದರೆ ತಣ್ಣನೆಯ ಕಬ್ಬಿಣ ಮುಟ್ಟಬೇಕು, ಇಲ್ಲದಿದ್ದರೆ ಕಡಲು ಕೇಳಿಸಿಕೊಳ್ಳುತ್ತದೆ.

ಬೇಸಿಗೆ ಬರುವ ಹೊತ್ತಿಗೆ ಅರ್ಧ ಊರೇ ಸಂಜೆ ಅಲ್ಲಿ ಸೇರುತ್ತಿತ್ತು. ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗುವವರೇ. ಒಮ್ಮೆ ಪೀಪಾಯಿಯವರು ಎಂಟು ಹತ್ತು ಜನ, ಅಯ್ಯೋ ಅಯ್ಯೋ ಎನ್ನುತ್ತ ಹ್ಯೂನ ಪಕ್ಕದಿಂದ ಕಡಲಿನ ಕಡೆಗೆ ಓಡಿಹೋದರು. ಹ್ಯೂ ಹುಲ್ಲು ನೋಡುತ್ತ ನಿಂತಿದ್ದ. ಕುಳಿಯಲ್ಲಿ ಚೆಂಡು ಬಿದ್ದ ಸದ್ದಾದ ಮೇಲೆ ತಲೆ ಎತ್ತಿ, "ಯಾರು ಮುಳುಗಿದ್ರು?" ಅಂತ ಕೇಳಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ಸದ್ದಿನ ವಿಷಯ ಹೇಳಬೇಕು. ಕುಳಿಯೊಳಗೆ ಒಂದು ತಗಡಿನ ಡಬ್ಬಿ ಕೂರಿಸಿರುತ್ತಾರೆ. ವಸಂತದಲ್ಲಿ ಚೆಂಡು ಬಿದ್ದರೆ ಟೊಕ್ ಎನ್ನುತ್ತಿತ್ತು, ಎಲ್ಲ ಕುಳಿಗಳ ಹಾಗೆ. ಜೂನ್ ಹೊತ್ತಿಗೆ ಅದು ಟೊಂಕ್ ಆಯಿತು. ಜುಲೈ ಕಳೆಯುವಾಗ ಚೆಂಡು ಬಿದ್ದರೆ ಡೊಂಯ್ ಎನ್ನುವ ಸದ್ದು ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು. ಅಪ್ಪನಿಗೆ ಆ ಸದ್ದೆಂದರೆ ಪ್ರಾಣ.

"ಈ ಕುಳಿಗೆ ದೇವರು ಗಂಟಲು ಕೊಟ್ಟಿದಾನೆ" ಎನ್ನುತ್ತಿದ್ದ. "ಬೇರೆ ಕಡೆ ಎಲ್ಲ ಮೂಗರು."

ನನಗೆ ಆ ಸದ್ದು ಹಿಡಿಸಲಿಲ್ಲ. ಒಂದು ದಿನ ಸೂಪು ಬಡಿಸುತ್ತ ಹೇಳಿಯೇಬಿಟ್ಟೆ. "ಅಪ್ಪ, ಅದು ನಂಗೆ ಸರಿ ಬರ್ತಿಲ್ಲ. ಖಾಲಿ ಪೀಪಾಯಿಗೆ ಕಲ್ಲು ಹಾಕಿದ ಹಾಗೆ ಕೇಳುತ್ತೆ."

"ಖಾಲಿ ಇದ್ರೆ ತಾನೇ ಚೆನ್ನಾಗಿ ಕೇಳೋದು? ಪಿಟೀಲಿನ ಹೊಟ್ಟೇನೂ ಖಾಲೀನೇ" ಅಂದ ಅಪ್ಪ, ರೊಟ್ಟಿ ಮುರಿಯುತ್ತ.

ಕಿವಿಯೊಂದನ್ನೇ ನಂಬಿ ದೋಣಿಗಟ್ಟಲೆ ಗಂಡಸರನ್ನು ಮನೆಗೆ ತಂದವನು ಅವನು. ಅವನಿಗೆ ಸದ್ದಿನ ವಿಷಯ ಹೇಳಲು ನಾನು ಯಾರು ಎಂದುಕೊಂಡು ಸುಮ್ಮನಾದೆ. ಇಡೀ ಊರೂ ಹಾಗೆಯೇ ಸುಮ್ಮನಿತ್ತು. ಕಿವಿ ಬಿರೆಲ್ ದಿನಾ ಅಲ್ಲೇ ನಿಂತಿರುತ್ತಾನೆ, ನೆಲದಲ್ಲಿ ಏನಾದರೂ ಇದ್ದಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲವೇ? ಅವನಿಗೆ ಸದ್ದು ಕೇಳಿಸಿತು, ಅದು ಏನು ಹೇಳುತ್ತಿದೆ ಎಂಬುದು ಮಾತ್ರ ಕೇಳಿಸಲಿಲ್ಲ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ಬಯಲಿನ ಹುಲ್ಲು ನೋಡಿಕೊಳ್ಳುವವನು ವಾಟ್ ಡೀಸ್. ಆಗಸ್ಟಿನಲ್ಲಿ ಅವನು ಗ್ರೀನಿನ ಕಡಲಂಚಿನಲ್ಲಿ ಒಂದು ತಗ್ಗು ಕಂಡು, ಕೈಗಾಡಿ ತುಂಬ ಮರಳು ತಂದು ಸುರಿದು ಮೇಲೆ ಹುಲ್ಲಿನ ಹೆಂಟೆ ಹಾಸಿದ. ಬೆಳಗ್ಗೆ ನೋಡಿದರೆ ಮತ್ತೆ ತಗ್ಗು. ಮತ್ತೆ ಸುರಿದ, ಮತ್ತೆ ತಗ್ಗು.

"ಎಲ್ಲಿಗೆ ಹೋಗುತ್ತೋ ಮರಳು" ಎಂದು ನಮ್ಮ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಮೊಲ ಕೊರೀತಿರಬೇಕು."

"ಆ ಮೂಲೇಲಿ ಮೊಲ ನೋಡಿ ಎಷ್ಟು ಕಾಲ ಆಯ್ತು?" ಅಂದೆ ನಾನು. ಬಟ್ಟೆ ಹರವಲು ದಿನಾ ಹೋಗುವವಳು ನಾನು. ಮೊದಲು ಕಾಲಿಗೆ ಸಿಕ್ಕುವಷ್ಟು ಇದ್ದವು. ಈಗ ಅವುಗಳ ಹಿಕ್ಕೆಯೂ ಇರಲಿಲ್ಲ.

ವಾಟ್ ಗ್ರೀನಿನ ಕಡೆ ತಿರುಗಿ ನೋಡಿದ. "ಹೌದಲ್ಲ" ಅಂದ. ಆಮೇಲೆ ಟೋಪಿ ಹಾಕಿಕೊಂಡು ಹೊರಟುಹೋದ.

ಅದೇ ವಾರ ಹ್ಯೂ, ಪಾಠದ ನಡುವೆ ಗ್ರೀನಿನ ಮೇಲೆ ನಡೆದು ಕುಳಿಯ ಹತ್ತಿರ ನಿಂತು ಕಾಲು ಒತ್ತಿ ನೋಡಿದ. ಅವನು ದೋಣಿಯ ತಳ ಕಟ್ಟುವವನು, ಹಲಗೆಯ ಕೆಳಗೆ ಏನಿದೆ ಎನ್ನುವುದು ಪಾದಕ್ಕೆ ತಿಳಿಯುತ್ತದೆ.

"ಮಾವ, ಇಲ್ಲಿ ನೆಲ ಸರಿ ಇಲ್ಲ. ಕಾಲಿಟ್ರೆ ಒಂಥರಾ ಜಗ್ಗುತ್ತೆ."

"ಹಿಂದಿನ ಚೆಂಡು ಎಲ್ಲಿ ಹೋಯ್ತು?" ಅಪ್ಪ ಕೇಳಿದ.

"ಸ್ವಲ್ಪ ಆಚೆ ಹೋಯ್ತು."

"ಅದಕ್ಕೇ ಈಗ ನೆಲದ ಮೇಲೆ ಬಂತು ದೂರು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ."

ನೋಡಲು ಬಂದವರೆಲ್ಲ ನಕ್ಕರು. ಹ್ಯೂನ ಕಿವಿ ಕೆಂಪಾಯಿತು. ತಗ್ಗಿಗೆ ವಾಪಸು ಹೋಗಿ ದಾಂಡು ಹಿಡಿದ. ಅವನು ಬೀಸಿದ ಕೂಡಲೇ ಅಪ್ಪ ಕೂಗಿದ, "ಅಳಿಯಾ, ನೆಲ ಹೋಗ್ತಿದೆ, ನೆಲ ಹೋಗ್ತಿದೆ, ಹಿಡ್ಕೊ ನನ್ನ." ಜನ ನಕ್ಕೂ ನಕ್ಕೂ ಕೂತುಬಿಟ್ಟರು. ಹ್ಯೂ ತಲೆ ಎತ್ತಲಿಲ್ಲ. ಚೆಂಡು ಗ್ರೀನಿನ ಅಂಚಿಗೆ ಬಿದ್ದು, ಉರುಳಿ, ಡೊಂಯ್ ಎಂದು ಕುಳಿಗೆ ಇಳಿಯಿತು. ಅವತ್ತಿನಿಂದ ಆ ಕೂಗೇ ಊರಿಗೆ ಇಷ್ಟವಾದ ಕೂಗಾಯಿತು. ಹ್ಯೂ ಮತ್ತೆ ನೆಲದ ಮಾತು ಆಡಲಿಲ್ಲ.

ಪಂದ್ಯದ ಹಿಂದಿನ ದಿನ ಕುಳಿ ಎಲ್ಲಿ ಕೊರೆಯಬೇಕೆಂದು ವಾಟ್ ಕೇಳಲು ಬಂದ. ಕೇಳುವ ಅಗತ್ಯವೇ ಇರಲಿಲ್ಲ. ಬಕ್‌ನೆಸ್ ಪಂದ್ಯಕ್ಕೆ ಕೊನೆಯ ಕುಳಿ ಅಜ್ಜಂದಿರ ಕಾಲದಿಂದಲೂ ಕಡಲಿನ ಮೂಲೆಯಲ್ಲೇ.

"ಈ ವರ್ಷ ಮೇಲ್ಗಡೆ ಕೊರೆಯೋಣವಾ ಅಂತ" ಎಂದ ವಾಟ್, ಅಪ್ಪನ ಮುಖ ನೋಡದೆ. "ನಾಳೆ ಉಬ್ಬರ ಬೇರೆ ದೊಡ್ಡದಿದೆ."

"ಉಬ್ಬರಕ್ಕೂ ಕುಳಿಗೂ ಏನಯ್ಯಾ? ಹ್ಯೂನ ತಲೆಗೆ ಹೆದರಿ ಪಿಟ್‌ಕ್ಯಾರೋದವರು ಕುಳೀನೇ ಕಿತ್ಕೊಂಡು ಓಡಿದ್ರು ಅಂತಾರೆ ಬಕ್‌ನೆಸ್‌ನವರು. ಆಮೇಲೆ ಗೆದ್ದೂ ಏನು ಬಂತು?"

ವಾಟ್ ಹ್ಯೂನ ಕಡೆ ನೋಡಿದ. ಹ್ಯೂ ದಾಂಡಿನ ಹಿಡಿಕೆಗೆ ದಾರ ಸುತ್ತುತ್ತಿದ್ದ. "ಇದ್ದಲ್ಲೇ ಇರಲಿ ಬಿಡು" ಅಂದ. ಅಲ್ಲಿಗೆ ಮಾತು ಮುಗಿಯಿತು.

ಪಂದ್ಯದ ಬೆಳಗ್ಗೆ ನಾವು ಮೂವರೂ ಮನೆಯಿಂದ ಇಳಿದು ಬೀದಿಯ ತಿರುವಿಗೆ ಬಂದಾಗ ಎದುರಿಗೆ ಪಾದ್ರಿಯೇ ಬಂದ. ಕಡಲಿಗೆ ಹೊರಟವನಾಗಿದ್ದರೆ ಅಪ್ಪ ಅಲ್ಲಿಂದಲೇ ಮನೆಗೆ ತಿರುಗುತ್ತಿದ್ದ, ಅವತ್ತು ಬಲೆ ಇಳಿಯುತ್ತಿರಲಿಲ್ಲ. ಈಗ ಹೆಗಲಿನ ಮೇಲಿದ್ದ ಹ್ಯೂನ ದಾಂಡುಗಳಲ್ಲಿ ಒಂದರ ಕಬ್ಬಿಣದ ತಲೆ ಮುಟ್ಟಿ, "ತಣ್ಣನೆ ಕಬ್ಬಿಣ" ಎಂದು ಗೊಣಗಿಕೊಂಡು ನಡೆದ.

"ವಾಪಸು ಹೋಗಿ ಒಂದು ಗಳಿಗೆ ಕೂತು ಬರೋಣ ಅಪ್ಪ" ಅಂದೆ.

"ಇದು ನೆಲ ಮಗಳೇ, ನೀರಲ್ಲ" ಅಂದ.

ಬಕ್‌ನೆಸ್‌ನ ಆಟಗಾರ ಮುಂಗೋ ಗಿಬ್, ಮೀನು ಹೊಗೆ ಹಾಕುವ ಕೆಲಸದವನು, ಒಳ್ಳೆಯ ಮನುಷ್ಯ. ಇಡೀ ದಿನ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಹ್ಯೂ ನಾಲ್ಕು ಕಡೆ ಚಿಪ್ ಮಾಡಬೇಕಾಗಿ ಬಂತು, ನಾಲ್ಕು ಕಡೆಯೂ ಚೆಂಡು ಸಾಕಿದ ನಾಯಿಯ ಹಾಗೆ ಕುಳಿಯ ಪಕ್ಕಕ್ಕೆ ಹೋಗಿ ಕೂತಿತು. ಬಕ್‌ನೆಸ್‌ನವರು ಕೂಗಿ ನೋಡಿದರು, ಕೆಮ್ಮಿ ನೋಡಿದರು. ಹ್ಯೂನ ತಲೆ ಏಳಲಿಲ್ಲ. ನಮ್ಮವರ ಎದೆ ಉಬ್ಬುತ್ತಾ ಹೋಯಿತು. ನನ್ನದೂ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಯ ಕುಳಿಗೆ ಹೊರಡುವಾಗ ಇಬ್ಬರೂ ಸಮ. ಅದೇ ಹೊತ್ತಿಗೆ ಕಡಲಮಂಜು ಬಂತು. ಅದು ಮೋಡದ ಹಾಗೆ ಬರುವುದಿಲ್ಲ. ಮೊದಲು ಕೆನ್ನೆ ತಣ್ಣಗಾಗುತ್ತದೆ, ಆಮೇಲೆ ತಿರುಗಿ ನೋಡಿದರೆ ಚರ್ಚಿನ ಗೋಪುರ ಇರುವುದಿಲ್ಲ. ನಾವೆಲ್ಲ ಗ್ರೀನಿನ ಊರ ಕಡೆಯ ಅಂಚಿನಲ್ಲಿ ಗುಂಪಾಗಿ ನಿಂತೆವು. ಕಡಲಿನ ಮೂಲೆ ಕಾಣುತ್ತಿರಲಿಲ್ಲ. ಉಬ್ಬರ ಏರಿತ್ತು. ಅಲೆ ಬಡಿಯುವ ಸದ್ದು ಎದುರಿನಿಂದ ಬರಬೇಕು, ಆದರೆ ಅವತ್ತು ಅದು ಕಾಲಿನ ಕೆಳಗಿನಿಂದ ಬಂದ ಹಾಗಿತ್ತು. ನಾನು ಸುತ್ತ ನೋಡಿದೆ. ಬೇರೆ ಯಾರಿಗೂ ಹಾಗೆ ಅನ್ನಿಸಿದಂತೆ ಕಾಣಲಿಲ್ಲ.

ಮುಂಗೋ ತನ್ನ ಹೊಡೆತಗಳನ್ನು ನಾಲ್ಕಕ್ಕೆ ಮುಗಿಸಿ ಮಂಜಿನೊಳಗಿನಿಂದ ನಡೆದು ಬಂದ. ನನ್ನ ಪಕ್ಕ ನಿಂತು, "ನಿಮ್ಮ ಗ್ರೀನಿಗೆ ಏನಾಗಿದೆ ಬೆಥಿಯಾ? ಗರಿ ತುಂಬಿದ ಹಾಸಿಗೆ ಮೇಲೆ ನಡೆದ ಹಾಗಿದೆಯಲ್ಲ" ಅಂದ.

ನಾನು ಹ್ಯೂನ ಕಡೆ ನೋಡುತ್ತಿದ್ದೆ. ಅವನು ಎರಡು ಹೊಡೆದಿದ್ದ. ಚೆಂಡು ಅವನು ಇಡೀ ಬೇಸಿಗೆ ನಿಂತಿದ್ದ ಅದೇ ತಗ್ಗಿನಲ್ಲಿ ಬಿದ್ದಿತ್ತು. ಚಿಪ್ ಕುಳಿಯ ಪಕ್ಕ ನಿಂತರೆ ಸಮ, ಒಳಗೆ ಬಿದ್ದರೆ ಗೆಲುವು, ತಲೆ ಎತ್ತಿದರೆ ಸಾಯುವವರೆಗೆ ಆಕಾಶ ಟಾರ್ವಿಟ್.

ಅಪ್ಪ ದಾಂಡುಗಳ ಚೀಲ ಇಳಿಸಿದ, ಒಂದು ದಾಂಡನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡ. ಹ್ಯೂನ ಭುಜ ತಟ್ಟಿ, "ನೆಲಾನ ನಂಬು" ಎಂದು ಹೇಳಿ ಗ್ರೀನಿನ ಮೇಲೆ ಹೋದ. ಅವನ ಬೆನ್ನು ಬೂದಿಬಣ್ಣವಾಯಿತು, ಆಮೇಲೆ ಕಾಣದಾಯಿತು. ಸ್ವಲ್ಪ ಹೊತ್ತಿನ ಮೇಲೆ ಕೋಲಿನ ಸದ್ದು ಬಂತು. ಟಣ್. ಟಣ್. ಟಣ್.

ಹ್ಯೂ ಚೆಂಡನ್ನು ಬಲಗಾಲಿನ ಕಡೆಗೆ ಬರುವಂತೆ ನಿಂತ. ಭಾರ ಎಡಗಾಲಿಗೆ ಹಾಕಿದ. ಕೈ ಮುಂದಾಯಿತು. ಜನ ಉಸಿರು ಬಿಗಿಹಿಡಿದಿದ್ದರು. ಟಣ್ ಎನ್ನುವ ಸದ್ದು ಒಮ್ಮೆ ತಡವಾಗಿ ಬಂತು, ಇನ್ನೊಮ್ಮೆ ಬರಲೇ ಇಲ್ಲ. ಹ್ಯೂ ದಾಂಡು ಹಿಂದಕ್ಕೆ ತೆಗೆದಿದ್ದ. ಹುಲ್ಲು ಸವರಿತು, ಚೆಂಡು ಗ್ರೀನಿನ ಅಂಚಿಗೆ ಬಿದ್ದು ಮಂಜಿನೊಳಕ್ಕೆ ಉರುಳಿಹೋಯಿತು. ಅಷ್ಟು ಚೆಂದದ ಚಿಪ್ ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಹ್ಯೂ" ಎಂದ ಅಪ್ಪ ಮಂಜಿನೊಳಗಿನಿಂದ. "ಹ್ಯೂ, ನೆಲ ಹೋಗ್ತಿದೆ."

ನಮ್ಮವರು ಗೊಳ್ಳೆಂದು ನಕ್ಕರು. "ಇವತ್ತೂ ಬಿಡಲ್ಲ ನೋಡ್ರೋ ಮುದುಕ" ಎಂದರು ಯಾರೋ. ಹ್ಯೂನ ತುಟಿಯಲ್ಲೂ ನಗು ಬಂದದ್ದು ಕಂಡಿತು. ಅವನ ಕಣ್ಣು ಹುಲ್ಲಿನ ಮೇಲಿತ್ತು.

ನಗು ಇಳಿಯುವಾಗ ಅಪ್ಪನ ದನಿ ಮತ್ತೆ ಕೇಳಿತು. ಈ ಸಲ ಅದು ಕೂಗಾಗಿರಲಿಲ್ಲ, ಕತ್ತಲೆ ಕೋಣೆಯಲ್ಲಿ ದೀಪ ಕೇಳುವವನ ದನಿ.

"ಬೆಥಿ. ಬೆಥಿ, ಕೈ ಕೊಡೇ."

ಇಡೀ ಬೇಸಿಗೆ ಅವನು ಕೂಗಿದ ನೂರು ಸುಳ್ಳುಗಳಲ್ಲಿ ಅಳಿಯ ಇದ್ದ, ಪಾದ್ರಿ ಇದ್ದ, ಬೆಂಕಿ ಇತ್ತು. ಆ ಹೆಸರು ಒಂದು ಸಲವೂ ಇರಲಿಲ್ಲ. ನಾನು ಓಡಿದೆ. ಗ್ರೀನಿನ ಮೇಲೆ ಕಾಲಿಟ್ಟಾಗ ಅದು ನನ್ನ ಕಾಲಡಿ ಉಸಿರಾಡಿದ ಹಾಗಾಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಚೀಲದ ಬಾಯಿ ಬಿಚ್ಚಿ ಹಿಟ್ಟು ಸುರಿದಂಥ ಸದ್ದು, ಬಹಳ ಹೊತ್ತು ಸುರಿದ ಸದ್ದು. ಹಿಂದಿನಿಂದ ವಾಟ್ ಡೀಸ್ ನನ್ನ ಲಂಗ ಹಿಡಿದು ಎಳೆದು ನೆಲಕ್ಕೆ ಕೆಡವಿದ. ನನ್ನ ಮುಖದ ಮುಂದೆ ಹುಲ್ಲು ಮುಗಿದಿತ್ತು. ಕೆಳಗೆ ಗೋಡೆಯ ಕಲ್ಲುಗಳ ಹಿಂದೆ, ಮರಳು ಇರಬೇಕಾದ ಜಾಗದಲ್ಲೆಲ್ಲ ನೀರು ಸುತ್ತುತ್ತಿತ್ತು. ಕಬ್ಬಿಣದ ಕೋಲು ಅಡ್ಡಲಾಗಿ ಬಿದ್ದು ಒಂದು ಅಲೆಗೆ ಮೇಲೆ ಬಂತು, ಇನ್ನೊಂದಕ್ಕೆ ಹೋಯಿತು. ಅಪ್ಪ ಎಲ್ಲೂ ಇರಲಿಲ್ಲ.

ಗಂಡಸರು ಕಿರುಚುತ್ತ ಕಡಲತೀರಕ್ಕೆ ಇಳಿಯುವ ದಾರಿಗೆ ಓಡಿದರು. ಎಲ್ಲರಿಗಿಂತ ಮುಂದೆ ಮುಂಗೋ, ಓಡುತ್ತಲೇ ಕೋಟು ಕಳಚುತ್ತಿದ್ದ. ಎಲ್ಲರೂ ಹ್ಯೂನ ಪಕ್ಕದಿಂದಲೇ ಹೋದರು, ಅಯ್ಯೋ ಬಿರೆಲ್, ಅಯ್ಯೋ ದೇವರೇ ಎನ್ನುತ್ತ. ಬೇಸಿಗೆಯಲ್ಲಿ ಪೀಪಾಯಿಯವರು ಓಡಿದ ಹಾಗೆಯೇ.

ನಾನು ಎದ್ದು ತಗ್ಗಿನ ಕಡೆ ನಡೆದೆ. ಹ್ಯೂ ಹಾಗೆಯೇ ನಿಂತಿದ್ದ. ಭಾರ ಎಡಗಾಲಿನ ಮೇಲೆ, ಕೈ ಮುಂದೆ, ಮಣಿಕಟ್ಟು ನೆಟ್ಟಗೆ, ಕಣ್ಣು ಚೆಂಡು ಇದ್ದ ಜಾಗದ ಹುಲ್ಲಿನ ಮೇಲೆ. ಅಪ್ಪ ನೋಡಿದ್ದರೆ ಒಂದು ತಪ್ಪೂ ಹಿಡಿಯುತ್ತಿರಲಿಲ್ಲ. ನಾನು ಅವನ ಮೊಣಕೈ ಹಿಡಿದೆ.

"ಮುಟ್ಟಬೇಡ ಬೆಥಿಯಾ" ಅಂದ, ನಗುವನ್ನು ತಡೆದುಕೊಂಡು. "ಸದ್ದು ಇನ್ನೂ ಬಂದಿಲ್ಲ. ಮಾವ ನಿಂತಿತು ಅಂತಾನೂ ಅಂದಿಲ್ಲ."